ಹಡಗಿಗೆ ಕರೆದ ಅಕ್ಕೋರು

ರುಕ್ಮವ್ವ
ರಾತ್ರಿ ತರಗತಿಯ ಹಳೆಯ ವಿದ್ಯಾರ್ಥಿನಿ, ವಿಜಾಪುರ

ಮೊರದಲ್ಲಿಯ ಜೋಳವನ್ನು ಕೇರಿ, ಹೊಟ್ಟನ್ನು ಅಂಗಳದ ಗಾಳಿಗೆ ಬಿಟ್ಟು, ಉಳಿದ ಕಾಳಿನಲ್ಲಿ ಹರಳು ಆರಿಸುತ್ತ ಕುಳಿತಿದ್ದ ವತ್ಸಲಾಬಾಯಿಯವರ ಕೈಗೆ ಅಂಚೆಯವನು ಒಂದು ಉದ್ದನೆಯ ಲಕೋಟೆಯನ್ನು ಕೊಟ್ಟು ಹೋದನು. ೧೯೬೦ನೆಯ ಇಸವಿಯ ದೀಪಾವಳಿ ಸೂಟಿಯ ಮುಂಜಾನೆ ಅದು. ಅಥಣಿ ರಸ್ತೆಯ ಅವರ ಬಾಡಿಗೆ ಮನೆಯ ಅಂಗಳಕ್ಕೆ ಬಿಸಿಲು ಆಗಷ್ಟೇ ಇಳಿಯುತ್ತಿತ್ತು. ಲಕೋಟೆ ಒಡೆದು ಓದಿದವರು ಮತ್ತೆ ಮೊರಕ್ಕೆ ಕೈ ಹಾಕಿದರು; ಆದರೆ ಹರಳನ್ನು ಕಾಳಿನ ಕಡೆಗೂ ಕಾಳನ್ನು ಹರಳಿನ ಕಡೆಗೂ ಹಾಕತೊಡಗಿದರು. ಒಳಗಿನಿಂದ ಬಂದ ಅಕ್ಕ ತುಳಸಾಬಾಯಿಯವರು ಇದನ್ನು ನೋಡಿ ಗಾಬರಿಯಾದರು.

"ಏನಾತ ವತ್ಸಲಾ? ಯಾರರೆ ತೀರಿಕೊಂಡರೇನು?"

"ಇಲ್ಲ ಅಕ್ಕಾ. ಹಡಗ ಬಿಡ್ತಾರಂತ. ಕಾರವಾರದಿಂದ ಕೊಲಂಬೊಕ್ಕ. ನಡೀತದೋ ಇಲ್ಲೋ ವಿಚಾರ ಮಾಡಿ ತಿಳಸ್ರಿ ಅಂತ ನನ್ನ ಕೇಳ್ಯಾರ."

"ನಿನ್ನ ಕೇಳ್ಯಾರ? ಬಾವೀ ಹಗ್ಗ ನೀರು ಮುಟ್ಟವಲ್ದು ಅಂತ ನಾ ನಿನ್ನೆಯಿಂದ ಒದರ್ಲಿಕ್ಕತ್ತೀನಿ. ಮೊದಲ ಅದನ್ನ ನೋಡು. ಆಮ್ಯಾಲೆ ಸಮುದ್ರ."

ಹಗ್ಗಕ್ಕೆ ಅಂದೇ ತುಂಡು ಜೋಡಿಸಿದರು. ಸಮುದ್ರಕ್ಕೂ ಅಂದಿನಿಂದಲೇ ಕೈ ಹಾಕಿದರು.

ನಮ್ಮ ಭಾಗದಲ್ಲಿ ಭೂಗೋಳವೆಂಬ ವಿಷಯವನ್ನು ಬಾಯಿಪಾಠದಿಂದ ಬಿಡಿಸಿ, ಕಾಲ ಕೆಳಗಿನ ನೆಲದಿಂದ ಆರಂಭಿಸಿ ಕಲಿಸಿದವರನ್ನು ನೆನೆಯುವಾಗ ವತ್ಸಲಾಬಾಯಿಯವರ ಹೆಸರು ಮೊದಲ ಸಾಲಿನಲ್ಲಿಯೇ ಬರಬೇಕು. ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಅವರು ಇಷ್ಟು ವರುಷ ಪಾಠ ಹೇಳಿದರು; ಅವರ ಕೈಯಲ್ಲಿ ಕಲಿತವರು ಇಂದು ತಮ್ಮ ಮಕ್ಕಳನ್ನೂ ಅವರ ಕೈಗೇ ಒಪ್ಪಿಸಿದ್ದಾರೆ. ಎರೆಭೂಮಿ ಯಾಕೆ ಬಿರಿಯುತ್ತದೆ, ಡೋಣಿ ಹೊಳೆಯ ನೀರು ಯಾಕೆ ಉಪ್ಪು, ಟಿಕೋಟಾದ ಗಾಳಿ ಮಳೆಯನ್ನು ಎತ್ತ ಹೊತ್ತು ಹೋಗುತ್ತದೆ ಎಂಬುದನ್ನು ಹುಡುಗಿಯರು ಹೊಲದ ಬದುವಿನ ಮೇಲೆ ನಿಂತೇ ಕಲಿಯಬೇಕೆಂಬುದು ಅವರ ಹಟ. ಅದೇ ಹಟದಿಂದ ೧೯೫೮ರಲ್ಲಿ ಅವರು ದೊಡ್ಡ ಹೆಂಗಸರಿಗಾಗಿ ರಾತ್ರಿ ತರಗತಿಯನ್ನು ತೆರೆದರು. ಮೊಮ್ಮಕ್ಕಳನ್ನು ಕಂಡವರೂ ಪಾಟಿ ಹಿಡಿದು ಬಂದ ಆ ತರಗತಿಯಲ್ಲಿ ಅವರು ಮೊದಲು ಬರೆಯಿಸಿದ್ದು ಅಆಇಈಯನ್ನಲ್ಲ, ನಮ್ಮ ನಮ್ಮ ಹೆಸರನ್ನೂ ಅಲ್ಲ, ತವರೂರಿನ ಹೆಸರನ್ನು. ಬಬಲೇಶ್ವರವೆಂದು ತಿದ್ದುವಾಗ ಹಾಲು ಮಾರುವ ದುಂಡವ್ವನ ಕಣ್ಣು ತುಂಬಿದ್ದನ್ನು ಕಂಡು, "ಒತ್ತಕ್ಷರಕ್ಕ ಅಳಬ್ಯಾಡ್ರಿ, ಅದು ಎಲ್ಲರಿಗೂ ತ್ರಾಸ ಕೊಡ್ತದ" ಎಂದು ನಗಿಸಿದವರು ಅವರು. ಅಳು ಒತ್ತಕ್ಷರದ್ದಲ್ಲವೆಂದು ಅವರಿಗೂ ಗೊತ್ತಿತ್ತು.

ಇಂಥವರಿಗೆ ಒಂದೇ ಒಂದು ಕೊರತೆಯಿತ್ತು. ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಎಷ್ಟೋ ಸಲ ಸಮುದ್ರವನ್ನು ಬರೆದ ಅವರು ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲ. "ಅಕ್ಕೋರ, ನೀವು ಸಮುದ್ರ ನೋಡೀರೇನ್ರಿ?" ಎಂದು ಪ್ರತಿ ವರುಷ ಯಾವಳೋ ಒಬ್ಬ ಹುಡುಗಿ ಕೇಳುವಳು. "ಇನ್ನೂ ಇಲ್ಲ. ನೋಡಿದ ಮ್ಯಾಲೆ ಈ ಪಾಠ ಮತ್ತೊಮ್ಮೆ ಹೇಳಿಕೊಡ್ತೀನಿ, ಬರ್ರಿ" ಎಂದು ಅವರು ಸಂಕೋಚವಿಲ್ಲದೆ ಹೇಳುವರು.

ಮುಂಬಯಿಯ ಆ ಹಡಗಿನ ಕಂಪನಿಯು ಪತ್ರಿಕೆಯಲ್ಲಿ ಕೊಟ್ಟಿದ್ದ ಪ್ರಕಟಣೆಯನ್ನು ನೋಡಿ ಅವರು ಅರ್ಜಿ ಹಾಕಿದ್ದು ಈ ಕಾರಣಕ್ಕೆ. ಜನರನ್ನೂ ಸರಕನ್ನೂ ಸಿಲೋನಿಗೆ ಒಯ್ಯುವ ಹೊಸ ಹಡಗು. ಒಮ್ಮೆ ಬಿಟ್ಟ ಮೇಲೆ ಖಾಲಿ ಓಡಿಸುವಂತಿಲ್ಲ. ದಂಡೆಯ ಊರುಗಳನ್ನಷ್ಟೇ ನೆಚ್ಚಿದರೆ ಸಾಲದೆಂದು ಒಳನಾಡಿನ ಒಂದೊಂದು ಭಾಗಕ್ಕೆ ಒಬ್ಬೊಬ್ಬ ಶೋಧಕರನ್ನು ಕಂಪನಿ ನೇಮಿಸಿತ್ತು. ಹಡಗು ಹೊರಟರೆ ಯಾರು ಬರುವರು, ಏನು ಕಳುಹಿಸುವರು, ಯಾವ ಕಾಲ ಅನುಕೂಲ ಎಂದು ಮನೆಮನೆಗೆ ಹೋಗಿ ಕೇಳಿ ಬರೆಯಬೇಕು. ಯಾವ ಭಾಗದಿಂದ ಸಾಕಷ್ಟು ಜನ ಬರುವರೆಂದು ತೋರುವುದೋ ಆ ಭಾಗದ ಶೋಧಕರಿಗೆ ಮೊದಲ ಪ್ರಯಾಣದಲ್ಲಿ ಕಂಪನಿಯ ಖರ್ಚಿನಿಂದಲೇ ಒಂದು ಜಾಗ. ವಿಜಾಪುರ, ಟಿಕೋಟಾ ಮತ್ತು ಬಬಲೇಶ್ವರದ ಭಾಗ ವತ್ಸಲಾಬಾಯಿಯವರ ಪಾಲಿಗೆ ಬಂತು. ಅಂದರೆ ಸಮುದ್ರವು ಅವರಿಂದ ಬರಿಯ ಒಂದು ಪತ್ರದಷ್ಟು ದೂರ ಉಳಿಯಿತು.

ಒಂಟಿ ಹೆಣ್ಣುಮಗಳು ಹಳ್ಳಿ ಸುತ್ತುವುದು ಸರಿಯಲ್ಲವೆಂದು ದುಂಡವ್ವ ತಾನಾಗಿ ಜೊತೆಯಾದಳು. ಎಮ್ಮೆ ಹಿಂಡಿ, ವರ್ತನೆ ಮನೆಗಳಿಗೆ ಹಾಲು ಹಾಕಿ, ಬಸ್ಸಿನ ಹೊತ್ತಿಗೆ ತಯಾರಾಗಿ ನಿಲ್ಲುವಳು. ಅವಳ ಸೆರಗಿನಲ್ಲಿ ಸದಾ ಒಂದು ಕುಂಕುಮದ ಬಟ್ಟಲು. "ಹೆಣ್ಮಕ್ಕಳ ಮನಿಗೆ ಬರೇ ಕೈಲೆ ಹೋಗಬಾರದ್ರಿ ಅಕ್ಕೋರ. ಮೊದಲ ಕುಂಕುಮ ಹಚ್ಚೂಣು, ಆಮ್ಯಾಲೆ ನಿಮ್ಮ ಹಡಗ ತಗೀರಿ" ಎಂದಳು. ಇದು ಒಳ್ಳೆಯ ನಡತೆಯೆಂದು ವತ್ಸಲಾಬಾಯಿಯವರಿಗೂ ಅನಿಸಿತು. ಕಂಪನಿಯ ಪ್ರಶ್ನೆಗಳಲ್ಲಿ ಹಡಗು ಮಾರ್ಚ್ ತಿಂಗಳಲ್ಲಿ ಹೊರಟರೆ ಎಂದು ಇದ್ದುದನ್ನು ಅವರು ಜನಕ್ಕೆ ತಿಳಿಯಲೆಂದು, "ಸುಗ್ಗಿ ಮುಗಿದು, ಹೋಳಿ ಹುಣ್ಣಿಮೆ ಕಳೆದ ಮೊದಲನೇ ಸೋಮವಾರ" ಎಂದು ತಿರುಗಿಸಿಕೊಂಡರು. ಎರಡೂ ಅವರ ಮನಸ್ಸಿನ ಒಳ್ಳೆಯತನದಿಂದ ಆದ ಮಾತುಗಳು.

ಬಬಲೇಶ್ವರದಲ್ಲಿ ಅವರು ಮೊದಲು ಹೊಕ್ಕದ್ದು ಶಂಕರೆಪ್ಪ ಎಂಬ ಒಕ್ಕಲಿಗನ ಮನೆ. ಕಂಬಳಿ ಹಾಸಿದರು, ಬೆಲ್ಲ ನೀರು ಕೊಟ್ಟರು. ದುಂಡವ್ವ ಮನೆಯೊಡತಿ ರುದ್ರವ್ವನಿಗೆ ಕುಂಕುಮ ಹಚ್ಚಿದಳು. ಅನಂತರ ವತ್ಸಲಾಬಾಯಿಯವರು ಹಡಗಿನ ವಿಚಾರ ತೆಗೆದರು.

"ಲಂಕಾಕ್ಕ ಹಡಗ ಯಾಕ ಬೇಕ್ರಿ ಅಕ್ಕೋರ? ಹಣಮಪ್ಪ ಜಿಗದು ಹೋಗ್ಯಾನ" ಎಂದ ಶಂಕರೆಪ್ಪ.

"ಅಂವ ಜಿಗದಾನ. ನೀವು ಹಳ್ಳಾ ದಾಟಬೇಕಾದ್ರ ನನ್ನ ತಮ್ಮನ ಕೈ ಹಿಡೀತೀರಿ" ಎಂದಳು ರುದ್ರವ್ವ.

ನಗೆ ನಿಂತ ಮೇಲೆ ವತ್ಸಲಾಬಾಯಿಯವರು ಕೇಳಿದರು: "ಹಂಗಾರ ಹಡಗ ಹೊಂಟ್ರ ನಿಮ್ಮ ಮನಿಯಿಂದ ಬರ್ತೀರೇನ್ರಿ?"

ಗಂಡ ಹೆಂಡತಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಶಂಕರೆಪ್ಪ ಪಟಗಾ ಸರಿಮಾಡಿಕೊಂಡು ಗಂಭೀರವಾಗಿ ನುಡಿದ: "ನೀವು ಇಷ್ಟ ದೂರ ಬಂದು ಕೇಳಿದ ಮ್ಯಾಲೆ ಬರದ ಇರ್ತೇವೇನ್ರಿ? ಮನಿಗೊಬ್ಬರು ಬರ್ತೇವಿ."

ಮುಂದಿನ ಮನೆಯಲ್ಲಿಯೂ ಅದೇ ಉತ್ತರ. ಅದರಾಚೆಯ ಓಣಿಯಲ್ಲಿಯೂ ಅದೇ. ಟಿಕೋಟಾಕ್ಕೆ ಹೋದರೆ ಅಲ್ಲಿಯ ಜನ ಬಬಲೇಶ್ವರದವರು ಒಪ್ಪಿದ್ದಾರೆಂದು ಕೇಳಿ ಇನ್ನಷ್ಟು ಹುರುಪಿನಿಂದ ಒಪ್ಪಿದರು. ಯಾರೂ ದರ ಕೇಳಲಿಲ್ಲ, ಎಷ್ಟು ದಿನದ ಹಾದಿಯೆಂದು ಕೇಳಲಿಲ್ಲ. ಚಳಿಗಾಲವೆಲ್ಲ ಸೂಟಿಯ ದಿನಗಳಲ್ಲಿ ಹೀಗೆ ಸುತ್ತಿ ಬಂದ ವತ್ಸಲಾಬಾಯಿಯವರು ಕಂಪನಿಗೆ ಸಂತೋಷ ತುಂಬಿದ ವರದಿಯನ್ನು ಬರೆದರು: ಈ ಭಾಗದ ಪ್ರತಿ ಮನೆಯಿಂದ ಒಬ್ಬರು ಬರುವುದು ನಿಶ್ಚಿತ, ಹಡಗು ತುಂಬಿ ಹೊರಡುವುದು. ಲಕೋಟೆಗೆ ಹಾಕಿ, ಅಂಟಿಸುವುದನ್ನು ಮಾತ್ರ ನಾಳೆಗೆ ಉಳಿಸಿದರು. ತುಳಸಾಬಾಯಿಯವರು ತಂಗಿ ನಿದ್ದೆಗಣ್ಣಿನಲ್ಲಿ ನಗುತ್ತಿದ್ದುದನ್ನು ಕಂಡು, "ಇಕಿ ಈಗ ಹಡಗ ಹತ್ಯಾಳ" ಎಂದರಂತೆ.

ಮರುದಿನ ಸೋಮವಾರ. ಹೋಳಿ ಹುಣ್ಣಿಮೆ ಕಳೆದ ಮೊದಲನೆಯ ಸೋಮವಾರ.

ಮುಂಜಾನೆ ಬಾಗಿಲು ತೆಗೆದ ತುಳಸಾಬಾಯಿಯವರು ಹಾಗೆಯೇ ನಿಂತುಬಿಟ್ಟರು. ಅಥಣಿ ರಸ್ತೆಯ ಉದ್ದಕ್ಕೂ ಎತ್ತಿನ ಗಾಡಿಗಳು. ಗಾಡಿಗಳಲ್ಲಿ ಮಡಿ ಪಟಗಾ ಸುತ್ತಿದ ಗಂಡಸರು, ಇಳಕಲ್ಲ ಸೀರೆಯುಟ್ಟ ಹೆಂಗಸರು, ರೊಟ್ಟಿಬುತ್ತಿಯ ಗಂಟುಗಳು. ಎತ್ತಿನ ಕೋಡಿಗೆ ಕೂಡ ಬಣ್ಣ.

"ವತ್ಸಲಾ, ಏಳ. ನಿನ್ನ ಹಡಗಿನ ಮಂದಿ ಬಂದಾರ."

ಎಲ್ಲರಿಗಿಂತ ಮುಂದೆ ಶಂಕರೆಪ್ಪ ನಿಂತಿದ್ದ. "ಕರದಿದ್ದಿರಿ, ಬಂದೇವ್ರಿ ಅಕ್ಕೋರ. ಮನಿಗೊಬ್ಬರು. ಟಿಕೋಟಾದವ್ರು ಹಿಂದ ಬರಾಕತ್ತಾರ. ಇಲ್ಲಿಂದ ಹಡಗಿನ ತನಕಾ ನೀವ ಕರಕೊಂಡು ಹೋಗ್ತೀರಲ್ರಿ, ನಿಬ್ಬಣದ್ಹಂಗ?"

ಆಗ ವತ್ಸಲಾಬಾಯಿಯವರಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಕುಂಕುಮದ ಬಟ್ಟಲು ಹಿಡಿದು ಮನೆಗೆ ಬಂದು, ದಿನ ಹೇಳಿ, ಬರುತ್ತೀರಾ ಎಂದು ಕೇಳುವುದನ್ನು ನಮ್ಮ ಕಡೆ ಯಾರೂ ಪ್ರಶ್ನೆಯೆಂದು ತಿಳಿಯುವುದಿಲ್ಲ, ಅದು ಕರೆ. ಕರೆದವರಿಗೆ ಇಲ್ಲ ಎನ್ನುವುದು ಬಾಗಿಲಿಗೆ ಬಂದವರನ್ನು ಅವಮಾನ ಮಾಡಿದಂತೆ. ಚಳಿಗಾಲವೆಲ್ಲ ಅವರು ಶೋಧನೆ ಮಾಡಿರಲಿಲ್ಲ. ಎರಡೂರಿಗೆ ಆಮಂತ್ರಣ ಕೊಟ್ಟು ಬಂದಿದ್ದರು!

ಬೇರೆ ಯಾರಾದರೂ ಆಗಿದ್ದರೆ ಹಣೆ ಬಡಿದುಕೊಳ್ಳುತ್ತಿದ್ದರು, ಇಲ್ಲವೆ ನಕ್ಕು ಕಳಿಸುತ್ತಿದ್ದರು. ವತ್ಸಲಾಬಾಯಿಯವರು ಎರಡನ್ನೂ ಮಾಡಲಿಲ್ಲ. ಶಾಲೆಗೆ ರಜೆಯ ಚೀಟಿ ಕಳಿಸಿ, ಬಂದವರ ಕಾಲಿಗೆ ನೀರು ಕೊಟ್ಟರು. ನೆರೆಹೊರೆಯ ಮನೆಗಳಲ್ಲಿದ್ದ ಬೋಗುಣಿ, ಹಂಡೆಗಳೆಲ್ಲ ಚಹಕ್ಕೆ ಬಂದವು. ಆ ಹಗಲು ತುಳಸಾಬಾಯಿಯವರು ಬಾವಿಯಿಂದ ಸೇದಿದಷ್ಟು ನೀರನ್ನು ಅವರ ಜನ್ಮದಲ್ಲಿ ಸೇದಿರಲಿಲ್ಲ. "ಹಗ್ಗ ಜೋಡಿಸಿದ್ದು ಬರೋಬರಿ ಆತು ನೋಡು" ಎಂದು ಬೈಯುತ್ತಲೇ ಸೇದಿದರು. ಬಂದವರು ಬರಿಗೈಯಲ್ಲಿ ತಿರುಗಬಾರದೆಂದು ವತ್ಸಲಾಬಾಯಿಯವರು ಗಾಡಿಗಳನ್ನು ಭೂತನಾಳ ಕೆರೆಯ ದಂಡೆಗೆ ಹೊಡೆಯಿಸಿದರು. ಅಲ್ಲಿ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾಚಟ್ನಿ, ಮೊಸರು, ಹೋಳಿಗೆ; ಸಮುದ್ರದ ಹಾದಿಗೆಂದು ಕಟ್ಟಿದ ಬುತ್ತಿಯನ್ನು ಕೆರೆಯ ದಂಡೆಯಲ್ಲಿ ಕೂತು ಎಲ್ಲರೂ ಹಂಚಿ ಉಂಡರು. ಹೆಂಗಸರು ಹಾಡಿದರು. ವಿಜಾಪುರದಲ್ಲಿ ಅಂಥ ಸಂತೋಷದ ಸೋಮವಾರವನ್ನು ಹಿಂದೆ ಯಾರೂ ಕಂಡಿರಲಿಕ್ಕಿಲ್ಲ.

ಕೆರೆಯಲ್ಲಿ ಮೀನು ಹಿಡಿಯುವವನ ಒಂದು ಹರಿಗೋಲು ಇತ್ತು. ಊಟವಾದ ಮೇಲೆ ವತ್ಸಲಾಬಾಯಿಯವರು, "ಹಡಗ ಇಲ್ಲದಿದ್ರ ಏನಾತು, ಇದರಾಗ ಒಂದ ಸುತ್ತು ಹಾಕಿ ಬರೋಣ, ಯಾರ ಬರ್ತೀರಿ?" ಎಂದು ತಾವೇ ಮೊದಲು ಹತ್ತಿ ಕುಳಿತರು.

ದಂಡೆಯ ಮೇಲೆ ಒಮ್ಮೆಲೆ ಎಲ್ಲರಿಗೂ ಕೆಲಸ ನೆನಪಾಯಿತು.

"ನಾ ಎತ್ತ ನೋಡಕೋತೀನ್ರಿ. ಹೊಸಾ ಜಾಗಾ, ಬೆದರತಾವ" ಎಂದ ಶಂಕರೆಪ್ಪ.

"ಎತ್ತ ಮಲಗ್ಯಾವ್ರಿ. ಬೆದರಿದವ್ರು ಇವರೊಬ್ಬರ" ಎಂದಳು, ಗಂಡನನ್ನು ಕಳಿಸಿಕೊಡಲೆಂದು ಜೊತೆಗೆ ಬಂದಿದ್ದ ರುದ್ರವ್ವ.

"ಹಂಗಾರ ನೀ ಹತ್ತ ನೋಡೂಣು!"

"ನಾ ಹತ್ತಿದ್ರ ಬುತ್ತೀ ಗಂಟ ಯಾರ ಕಾಯತಾರ?"

ಖಾಲಿಯಾದ ಬುತ್ತಿಯ ಗಂಟನ್ನು ಕಾಯಲು ಅಂದು ದಂಡೆಯಲ್ಲಿ ಅಷ್ಟು ಜನ ಉಳಿದರು! ವತ್ಸಲಾಬಾಯಿಯವರು ಒಬ್ಬರೇ ಸುತ್ತು ಹಾಕಿ ಬಂದು ಇಳಿದರು. ಇಳಿದವರೇ ಎಲ್ಲರ ನಡುವೆ ಕುಳಿತು, ಹಡಗು ಇನ್ನೂ ಹುಟ್ಟಿಲ್ಲವೆಂದೂ, ತಾವು ಕರೆಯಲು ಬಂದಿರಲಿಲ್ಲ, ಕೇಳಲು ಬಂದಿದ್ದರೆಂದೂ, ತಪ್ಪು ತಮ್ಮದೆಂದೂ ಬಿಚ್ಚಿ ಹೇಳಿದರು. ಜನ ಸಿಟ್ಟಾಗಲಿಲ್ಲ. ಆದರೆ ಶಂಕರೆಪ್ಪ ಸುಮ್ಮನಾಗಲೂ ಇಲ್ಲ.

"ಈಗ ಆ ಕಂಪನಿಯವ್ರಿಗೆ ಏನಂತ ಬರೀತೀರಿ?"

"ಈ ಭಾಗದವರು ಯಾರೂ ಬರೂದಿಲ್ಲ ಅಂತ ಬರೀಬೇಕಾಗ್ತದ."

"ಹಂಗ ಬರೀಬ್ಯಾಡ್ರಿ ಯವ್ವಾ. ನಾವು ಬರ್ತೇವಿ ಅಂದೇವಿ, ಬಂದೂ ಬಿಟ್ಟೇವಿ. ಬಬಲೇಶ್ವರದವ್ರು ಕರದಲ್ಲಿ ಬರೂದಿಲ್ಲ ಅಂತ ಕಾಗದದ ಮ್ಯಾಲ ಬಿತ್ತಂದ್ರ, ನಾಳೆ ನಮಗ ಹೆಣ್ಣ ಕೊಡವ್ರು ಯಾರು?"

ಅವನು ನಗೆಮಾತಿಗೆ ಹೇಳಿದ್ದಲ್ಲ. ಸುತ್ತಲಿದ್ದವರೆಲ್ಲ ಹೌದೆಂದು ಗೋಣು ಹಾಕಿದರು.

ವತ್ಸಲಾಬಾಯಿಯವರ ಕಷ್ಟ ಶುರುವಾದದ್ದು ಇಲ್ಲಿಂದ. ಬರುವರೆಂದು ಬರೆದರೆ ಸುಳ್ಳು; ಆ ಸುಳ್ಳನ್ನು ನಂಬಿ ಕಂಪನಿ ಹಡಗು ಬಿಟ್ಟರೆ ಅದು ಖಾಲಿ ಓಡಬೇಕು. ಬರುವುದಿಲ್ಲವೆಂದು ಬರೆದರೆ, ನಸುಕಿನಲ್ಲಿ ಗಾಡಿ ಕಟ್ಟಿಕೊಂಡು ಬಂದ ಜನದ ಮಾತು ಹೋಗಬೇಕು. ಮೊದಲನೆಯದರಲ್ಲಿ ಸಮುದ್ರ ಸಿಗುತ್ತಿತ್ತು, ಎರಡನೆಯದರಲ್ಲಿ ಇಲ್ಲ. ಆದರೆ ಅಂದು ಮನೆಗೆ ಬಂದವರೇ ಅವರು ಸಂತೋಷದ ವರದಿಯನ್ನು ಒಲೆಗೆ ಹಾಕಿ, ಅದೇ ಉರಿಯಲ್ಲಿ ಅಕ್ಕನ ಸ್ನಾನಕ್ಕೆ ನೀರು ಕಾಯಿಸಿದರು. ಬೇರೆ ಪತ್ರ ಬರೆಯಲು ಕುಳಿತರೆ ಮೊದಲನೆಯ ಸಾಲಿನಲ್ಲಿಯೇ ಕೈ ನಿಲ್ಲುತ್ತಿತ್ತು. ಕಂಪನಿಯಿಂದ ನೆನಪಿನ ಕಾರ್ಡು ಬಂತು. ಮತ್ತೊಂದು ಬಂತು.

"ಅವರಿಗೆ ಹಡಗ ಬಿಡೂದು ಸಸಾರ ಆಗೇದ, ನಿನಗ ಒಂದ ಕಾಗದ ಬಿಡೂದು ಆಗವಲ್ದು" ಎಂದು ತುಳಸಾಬಾಯಿಯವರು ಚುಚ್ಚಿದರು.

ದುಂಡವ್ವನಂತೂ ಮುಖ ತೋರಿಸದಾದಳು. ವತ್ಸಲಾಬಾಯಿಯವರೇ ಅವಳ ಕೊಟ್ಟಿಗೆಗೆ ಹೋದರು.

"ಬಟ್ಟಲ ನಂದ್ರಿ. ತಪ್ಪೂ ನಂದ" ಎಂದಳು ದುಂಡವ್ವ, ಎಮ್ಮೆಯ ಮರೆಗೆ ನಿಂತು.

"ಬಟ್ಟಲ ನಿಮ್ಮದು, ಪ್ರಶ್ನೆ ನಂದು. ಅರ್ಧಾ ಅರ್ಧಾ ಹಂಚಕೊಳ್ಳೋಣ. ಈಗ ನನಗೊಂದು ಹೇಳ್ರಿ. ಕರದ ಮ್ಯಾಲೆ ಮದುವಿ ಮುಂದ ಹೋತು ಅಂದ್ರ ನಿಮ್ಮ ಕಡೆ ಏನ ಮಾಡ್ತೀರಿ?"

"ಏನ ಮಾಡ್ತಾರ್ರಿ? ಕರದವ್ರ ತಿರಗಿ ಮನೀಮನೀಗೆ ಹೋಗಿ, ಕೈಯಾಗ ಬೆಲ್ಲಾ ಕೊಟ್ಟು, ಸದ್ಯಕ್ಕ ಇಲ್ರಿ ಅಂತ ಹೇಳಿ ಬರತಾರ. ಆಗ ಯಾರ ಮಾತೂ ಹೋಗೂದಿಲ್ಲ."

"ನಡೀರಿ ಹಂಗಾರ" ಎಂದರು ವತ್ಸಲಾಬಾಯಿಯವರು.

ಹೀಗೆ ಆ ಬೇಸಿಗೆಯ ಸೂಟಿಯನ್ನೆಲ್ಲ ಅವರು ಕರೆಯನ್ನು ಹಿಂದಕ್ಕೆ ಪಡೆಯುವುದರಲ್ಲಿ ಕಳೆದರು. ಕುಂಕುಮದ ಬಟ್ಟಲು ಮನೆಯಲ್ಲಿ ಉಳಿಯಿತು. ದುಂಡವ್ವನ ಸೆರಗಿನಲ್ಲಿ ಬೆಲ್ಲದ ಚೂರುಗಳು ಬಂದವು. ಒಂದು ಮನೆಯನ್ನೂ ಬಿಡುವಂತಿಲ್ಲ. ಒಂದು ಮನೆ ಉಳಿದರೂ ಆ ಮನೆಯವರ ಮಾತು ಕಟ್ಟಿಹಾಕಿದಂತೆಯೇ ಇರುತ್ತದೆ. ಬಿಸಿಲಿನಲ್ಲಿ ಬಸ್ಸು ತಪ್ಪಿದರೆ ನಡೆದರು, ಜೀಪು ಸಿಕ್ಕರೆ ಹತ್ತಿದರು. ಒಂದು ದಿನವಾದರೂ ಅವರ ಮುಖದಲ್ಲಿ ಬೇಸರವಿರಲಿಲ್ಲವೆಂದು ದುಂಡವ್ವ ಹೇಳುತ್ತಾಳೆ.

ಇಲ್ಲಿಯೇ ಒಂದು ಸೋಜಿಗ ನಡೆಯಿತು. ಬೆಲ್ಲವನ್ನು ಕೈಗೆ ಕೊಟ್ಟು, "ಬರಲೇಬೇಕಂತಿಲ್ಲ" ಎಂದ ಕೂಡಲೇ ಜನ ನಿರಾಳವಾಗಿ ಉಸಿರು ಬಿಟ್ಟು, ಚಳಿಗಾಲದಲ್ಲಿ ಆಡದಿದ್ದ ಮಾತುಗಳನ್ನೆಲ್ಲ ಆಡತೊಡಗಿದರು.

"ನಮ್ಮವ್ರು ಡೋಣಿಗೆ ನೀರ ಬಂದ್ರ ಬೀಗರ ಮನಿಗೂ ಹೋಗೂದಿಲ್ರಿ. ಸಮುದ್ರ ದಾಟತಾರ ಅಂತ ನೀವು ಹ್ಯಾಂಗ ನಂಬಿದಿರಿ?" ಎಂದು ರುದ್ರವ್ವ ಕೇಳಿದಳು. ಶಂಕರೆಪ್ಪ ಅಂದು ಎತ್ತು ಕಾಯ್ದದ್ದನ್ನು ತಾನೇ ಹೇಳಿಕೊಂಡು ನಕ್ಕ. ಟಿಕೋಟಾದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿಯ ವ್ಯಾಪಾರ ಮಾಡುವ ಅಬ್ದುಲಸಮದ ಎಂಬವರು ಬೆಲ್ಲ ಬಾಯಿಗೆ ಹಾಕಿಕೊಂಡು, "ಮಂದೀನ ಬಿಡ್ರಿ ಅಕ್ಕೋರ, ಮೆಣಸಿನಕಾಯಿ ಒಯ್ರಿ. ಅದಕ್ಕ ಸಮುದ್ರದ ಅಂಜಿಕಿ ಇಲ್ಲ, ಬುತ್ತೀನೂ ಕೇಳೂದಿಲ್ಲ" ಎಂದರು. ಆದರೆ ಕಾರವಾರದಲ್ಲಿ ತೇವ ತಾಗದ ಗೋದಾಮು ಇಲ್ಲದೆ ಹೋದರೆ ಘಟ್ಟದ ಮಳೆಗೆ ಮೆಣಸಿನಕಾಯಿ ಕಪ್ಪಾಗುವುದು, ಉಳ್ಳಾಗಡ್ಡಿ ಹಾದಿಯಲ್ಲಿಯೇ ಮೊಳೆಯುವುದು ಎಂದೂ ವಿವರಿಸಿದರು. ಕಂಪನಿಗೆ ಬೇಕಾದ ನಿಜವಾದ ಉತ್ತರಗಳು ಹೀಗೆ ಒಂದೊಂದಾಗಿ, ಯಾರೂ ಕೇಳದೆಯೇ, ಕಟ್ಟೆಗಳ ಮೇಲೆ ಬಂದು ಕುಳಿತವು.

ವತ್ಸಲಾಬಾಯಿಯವರ ಕಾರ್ಯಪದ್ಧತಿ ರೂಪುಗೊಂಡದ್ದು ಆ ಬೇಸಿಗೆಯಲ್ಲಿಯೇ ಎಂದರೆ ತಪ್ಪಾಗಲಾರದು. ಮುಂದೆ ೧೯೬೩ರಲ್ಲಿ ಹೊನವಾಡದ ಬಾವಿಗಳ ನೀರಿನ ಶೋಧನೆಗೆ ಹುಡುಗಿಯರನ್ನು ಕರೆದೊಯ್ದಾಗಲೂ, ಮನೆಯಲ್ಲಿ ಉಳಿದ ಹೆಣ್ಣುಮಕ್ಕಳನ್ನು ಶಾಲೆಗೆ ತರಲು ಬಬಲೇಶ್ವರದ ಓಣಿಗಳನ್ನು ಸುತ್ತಿದಾಗಲೂ ಅವರು ಎರಡು ಸಲ ಹೋಗದೆ ಒಂದು ಮಾತನ್ನೂ ಬರೆದುಕೊಳ್ಳಲಿಲ್ಲ. "ಮೊದಲನೇ ಸುತ್ತು ಮರ್ಯಾದಿಗೆ, ಎರಡನೇದು ಮಾತಿಗೆ" ಎಂದು ಹೊಸ ಶಿಕ್ಷಕಿಯರಿಗೆ ಹೇಳುವರು. ಹುಡುಗಿಯನ್ನು ಶಾಲೆಗೆ ಕಳಿಸುತ್ತೇವೆಂದು ಮೊದಲ ಸಲ ಎಲ್ಲರೂ ಅನ್ನುತ್ತಾರೆ. ಯಾಕೆ ಕಳಿಸಲಾಗದೆಂದು ಎರಡನೆಯ ಸಲವೇ ತಿಳಿಯುವುದು. ತಿಳಿದ ಮೇಲೆ ಅದಕ್ಕೆ ಹಾದಿ ಹುಡುಕಬಹುದು. ಹಾಗೆ ಹಾದಿ ಹುಡುಕಿ ಅವರು ಶಾಲೆಗೆ ತಂದ ಹುಡುಗಿಯರಲ್ಲಿ ಕೆಲವರು ಇಂದು ನರ್ಸಬಾಯಿಯರಾಗಿ, ಶಿಕ್ಷಕಿಯರಾಗಿ ಅವರ ಗೌರವಕ್ಕೆಂದು ತರುತ್ತಿರುವ ಈ ಸಂಪುಟಕ್ಕೆ ಲೇಖನ ಬರೆದಿದ್ದಾರೆ.

ನಮ್ಮ ರಾತ್ರಿ ತರಗತಿಯವರ ಮೇಲೆ ಅವರು ಮಾಡಿದ ಉಪಕಾರಗಳಲ್ಲಿ ಒಂದನ್ನಾದರೂ ಹೇಳಬೇಕು. ಆರಂಭದಲ್ಲಿ ತವರಿನಿಂದ ಯಾರಿಗಾದರೂ ಕಾಗದ ಬಂದರೆ ಅವರೇ ಓದಿ ಹೇಳುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ, "ಇನ್ನ ನಾ ಓದೂದಿಲ್ಲ. ನನ್ನ ಕನ್ನಡಕ ಸರಿ ಇಲ್ಲ" ಎಂದುಬಿಟ್ಟರು. ಕನ್ನಡಕ ಸರಿಯಾಗಿಯೇ ಇತ್ತು. ಹೆಂಗಸರು ಬೈದುಕೊಂಡರು, ಗೊಣಗಿದರು, ಕೊನೆಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ನನ್ನ ತಾಯಿಯ ಮಾತನ್ನು ಮೊದಲ ಸಲ ಬೇರೆಯವರ ಬಾಯಿಂದಲ್ಲದೆ ಕಾಗದದಿಂದಲೇ ಕೇಳಿದ ಸಂತೋಷವನ್ನು ಈ ಮುದಿವಯಸ್ಸಿನಲ್ಲಿಯೂ ಮರೆಯುವುದಾಗಿಲ್ಲ.

ಈ ೧೯೬೯ನೆಯ ವರುಷದಲ್ಲಿ ವತ್ಸಲಾಬಾಯಿಯವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಆ ಹಡಗು ಹೊರಡಲೇ ಇಲ್ಲ. ಎಲ್ಲ ಭಾಗಗಳ ವರದಿಗಳನ್ನು ಓದಿದ ಕಂಪನಿ ಆ ವಿಚಾರವನ್ನು ಕೈಬಿಟ್ಟಿತು. ಆದರೂ ಟಿಕೋಟಾದ ಪೇಟೆಯಲ್ಲಿ ಅವರು ಬಸ್ಸಿನಿಂದ ಇಳಿದರೆ ಇಂದಿಗೂ "ಹಡಗಿನ ಅಕ್ಕೋರು ಬಂದ್ರು" ಎಂದು ಕುರ್ಚಿ ಬರುತ್ತದೆ. ಇಷ್ಟು ವರುಷದ ಸೂಟಿಗಳನ್ನೆಲ್ಲ ಹಳ್ಳಿಗಳಿಗೆ ಕೊಟ್ಟ ಅವರು ಈಗಲಾದರೂ ಕಾರವಾರಕ್ಕೆ ಹೋಗಿ ಬರಬೇಕೆಂದು ನಾವೆಲ್ಲ ಸೇರಿ ಹಟ ಹಿಡಿದಿದ್ದೇವೆ. ಅವರ ಕಣ್ಣು ಕಾಲುಗಳು ಗಟ್ಟಿಯಾಗಿರಲಿ. ನೂರು ಸುಗ್ಗಿಗಳ ಜೋಳವನ್ನು ಅವರು ಹಸನು ಮಾಡಲಿ. ಸಮುದ್ರವನ್ನು ನೋಡಿ ಬಂದು, ಮಾತು ಕೊಟ್ಟಂತೆ ಆ ಪಾಠವನ್ನು ಮತ್ತೊಮ್ಮೆ ಹೇಳಿಕೊಡಲಿ. ಕೇಳಲು ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಚಾಪೆಯ ಮೇಲೆ ಕಾಯುತ್ತಿದ್ದಾರೆ.

ಆ ಪತ್ರ ಕೊನೆಗೆ ಹೇಗೆ ಹೋಯಿತೆಂಬುದನ್ನು ಹೇಳಿದರೆ ಈ ಲೇಖನ ಪೂರ್ತಿಯಾಗುತ್ತದೆ.

೧೯೬೧ರ ಶ್ರಾವಣ ಬಂದರೂ ಟಿಕೋಟಾದಲ್ಲಿ ಒಂದು ಮನೆ ಉಳಿದಿತ್ತು. ಆ ಮನೆಯ ಬೋರವ್ವ ಎಂಬ ಮುದುಕಿ ಚಳಿಗಾಲದಲ್ಲಿ ಬರುತ್ತೇನೆಂದವಳು, ಹೋಳಿಯ ಸೋಮವಾರ ಗಾಡಿ ತಪ್ಪಿಸಿಕೊಂಡವಳು; ಆಮೇಲೆ ಆಡು ಮೇಯಿಸಲು ಹೋದವಳು ಎಂದೂ ಸಿಗುತ್ತಿರಲಿಲ್ಲ. ವತ್ಸಲಾಬಾಯಿಯವರು ಪತ್ರವನ್ನು ಅಷ್ಟರಲ್ಲಿ ಬರೆದಿದ್ದರು. ಈ ಭಾಗದವರು ಕರೆದರೆ ಮನೆಗೊಬ್ಬರಂತೆ ತಪ್ಪದೆ ಬರುವ ಜನ, ಹಾಗೆ ಬಂದು ತೋರಿಸಿದ್ದಾರೆ. ಆದರೆ ಅವರು ಅತಿಥಿಗಳಾಗಿ ಬರುವವರು, ಟಿಕೀಟು ಕೊಳ್ಳುವ ಪ್ರಯಾಣಿಕರಲ್ಲ. ಆದ್ದರಿಂದ ಅವರನ್ನು ನಂಬಿ ಹಡಗು ಬಿಡಬಾರದು. ತೇವ ತಾಗದ ಗೋದಾಮು ಕಟ್ಟಿದರೆ ಸುಗ್ಗಿಯಲ್ಲಿ ಮೆಣಸಿನಕಾಯಿ ಬರುವುದು. ಇದರಲ್ಲಿ ಸುಳ್ಳೂ ಇರಲಿಲ್ಲ, ಯಾರ ಮಾತೂ ಹೋಗಿರಲಿಲ್ಲ. ಕೊನೆಯಲ್ಲಿ ಕಂಪನಿಯ ಒಂದು ಪ್ರಶ್ನೆಗೆ ಉತ್ತರದ ಜಾಗ ಖಾಲಿಯಿತ್ತು: ಟಿಕೀಟು ಕೊಂಡು ಬರುವವರು ಎಷ್ಟು? ಅಲ್ಲಿ ಸೊನ್ನೆ ಹಾಕುವ ಮುನ್ನ ಉಳಿದ ಆ ಒಂದು ಮನೆಯನ್ನು ಮುಗಿಸೋಣವೆಂದು ಮಳೆ ಬಿಟ್ಟ ಒಂದು ಮಧ್ಯಾಹ್ನ ದುಂಡವ್ವನೊಂದಿಗೆ ಟಿಕೋಟಾಕ್ಕೆ ಹೋದರು. ಬೋರವ್ವ ಆಡಿನ ಮರಿಯ ಕಾಲಿಗೆ ಅರಿಷಿಣ ಹಚ್ಚುತ್ತ ಕಟ್ಟೆಯ ಮೇಲೆ ಕುಳಿತಿದ್ದಳು.

"ಬೆಲ್ಲ ಯಾಕ್ರಿ?" ಎಂದಳು, ಕೈ ಚಾಚದೆ.

"ಕರೆ ಬಿಡಿಸಿಕೊಂಡು ಹೋಗ್ಲಿಕ್ಕೆ ಬಂದೀನವ್ವಾ. ಹಡಗಿಗೆ ನೀವು ಬರಲೇಬೇಕಂತಿಲ್ಲ."

"ಯಾಕ, ಜಾಗಾ ತುಂಬ್ಯಾವೇನು?"

"ಇಲ್ಲ. ಯಾರೂ ಬರಾವ್ರಿಲ್ಲ."

"ಮತ್ತ ನನ್ನ ಯಾಕ ಬಿಡಸ್ತೀರಿ? ನಾ ಒಲ್ಲೆ ಅಂದೇನೇನು?"

"ಟಿಕೀಟ ತಗೀಬೇಕಾಗ್ತದವ್ವಾ."

"ಆಡ ಮಾರ್ತೀನಿ. ಅವನ್ನ ಹೊತಗೊಂಡು ಹೋಗ್ಲೇನು ಮ್ಯಾಲ?"

"ಸಮುದ್ರದ ಅಂಜಿಕಿ ಬರೂದಿಲ್ಲೇನು?"

"ನೋಡಿದ ಮ್ಯಾಲ ಹೇಳ್ತೀನ್ರಿ. ನೋಡದ ಹ್ಯಾಂಗ ಅಂಜೂದು?"

ದುಂಡವ್ವ ತಡೆಯಲಾರದೆ ಕೇಳಿದಳು: "ಅಲ್ಲಬೇ, ಲಂಕಾಕ್ಕ ಹೋಗಿ ಏನ ಮಾಡಾಕಿ?"

"ಇಳದು ಒಂದೀಟ ಅಡ್ಡಾಡಿ ತಿರಗಿ ಬರ್ತೀನಿ. ಬಿಜಾಪುರಕ್ಕ ಹೋದ್ರ ಏನ ಮಾಡ್ತೀವಿ? ಹಂಗ."

ವತ್ಸಲಾಬಾಯಿಯವರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರಂತೆ. ಬೆಲ್ಲವನ್ನು ತಾವೇ ಬಾಯಿಗೆ ಹಾಕಿಕೊಂಡರು. ಆಮೇಲೆ ಅದೇ ಕಟ್ಟೆಯ ಮೇಲೆ ಪತ್ರವನ್ನು ಬಿಡಿಸಿ, ಖಾಲಿ ಉಳಿದ ಜಾಗದಲ್ಲಿ ಬರೆದರು: "ಇಬ್ಬರು. ಟಿಕೋಟಾದ ಬೋರವ್ವ, ಮತ್ತು ಕಂಪನಿಯ ಖರ್ಚಿನಿಂದಲ್ಲ, ತನ್ನ ಖರ್ಚಿನಿಂದ, ಕೆಳಗೆ ಸಹಿ ಮಾಡಿದವಳು." ಏನು ಬರೆದರೆಂದು ಬೋರವ್ವ ಕೇಳಿದಾಗ, ಅದನ್ನು ಗಟ್ಟಿಯಾಗಿ ಓದಿ ಹೇಳಿದವಳು ದುಂಡವ್ವ.

ವಿಜಾಪುರದ ಸಂಜೆ ಬಸ್ಸು ಅಂಚೆಯ ಚೀಲಕ್ಕಾಗಿ ನಿಂತಿತ್ತು. ಮೂವರೂ ಬಿರಬಿರನೆ ನಡೆದರು. ಚೀಲದ ಬಾಯಿ ಕಟ್ಟುವುದರೊಳಗೆ ವತ್ಸಲಾಬಾಯಿಯವರು ಲಕೋಟೆಯನ್ನು ಅದರೊಳಗೆ ಬಿಟ್ಟರು. ಕಂಡಕ್ಟರ ಚೀಲವನ್ನು ಎತ್ತಿ ಒಳಗೆ ಒಗೆಯಬೇಕೆನ್ನುವಷ್ಟರಲ್ಲಿ ಬೋರವ್ವ ಅವನ ರಟ್ಟೆ ಹಿಡಿದಳು.

"ಹಗೂರ ಇಡೋ ಯಪ್ಪಾ. ಅದರಾಗ ನಾವಿಬ್ಬರೂ ಅದೇವಿ."